ದಾಲ್ಮೇಷಿಯ ಕರಾವಳಿಯ ಪ್ರಯಾಣ ನಿಯಮಗಳು: ರಗೂಸಾ ಗಣರಾಜ್ಯದ ಚರಿತ್ರೆಗೆ ಒಂದು ಆಕರ

ಪ್ರವಾಸಿಗಳ ಉಪಯೋಗಕ್ಕೆಂದು ಬರೆದ ಕೈಪಿಡಿಗಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಆಕರಗಳ ಸಾಲಿಗೆ ಸೇರಿಸುವುದಿಲ್ಲ. ಯಾವ ರಹದಾರಿ ಬೇಕು, ಯಾವ ನಾಣ್ಯ ನಡೆಯುತ್ತದೆ, ಯಾವ ಹಾದಿ ಹಿಡಿಯಬೇಕು, ಎಲ್ಲಿ ಎಷ್ಟು ದಿನ ತಂಗಬಹುದು ಎಂಬ ಸಂಗತಿಗಳು ಶಾಸನ, ಒಪ್ಪಂದ, ರಾಜವಂಶಾವಳಿಗಳ ಮುಂದೆ ಕ್ಷುಲ್ಲಕವಾಗಿ ಕಾಣುವುದು ಸಹಜವೇ. ಆದರೆ ಮೆಡಿಟರೇನಿಯನ್ ಸಮುದ್ರದ ಉತ್ತರದ ತೋಳಾದ ಆಡ್ರಿಯಾಟಿಕ್‌ನ ದಂಡೆಯಲ್ಲಿರುವ ಕ್ರೊಯೇಷಿಯ ದೇಶಕ್ಕೆ, ಅದರಲ್ಲಿಯೂ ಅದರ ದಕ್ಷಿಣ ತುದಿಯ ದಾಲ್ಮೇಷಿಯ ಕರಾವಳಿಗೆ, ಹೋಗುವವರಿಗೆ ಇಂದು ಕೊಡುವ ಸೂಚನೆಗಳನ್ನು ಬಿಡಿಸಿ ನೋಡಿದರೆ ಬೇರೊಂದು ಅಂಶ ಗೋಚರವಾಗುತ್ತದೆ. ಅವುಗಳಲ್ಲಿ ಕೆಲವು, 1808ರಲ್ಲಿ ಅಳಿದುಹೋದ ಒಂದು ಪುಟ್ಟ ರಾಜ್ಯವು ಕೈಗೊಂಡ ತೀರ್ಮಾನಗಳ ಶೇಷಗಳೇ ಆಗಿವೆ. ಆ ರಾಜ್ಯವೇ ರಗೂಸಾ. ಅದರ ರಾಜಧಾನಿಯ ಇಂದಿನ ಹೆಸರು ದುಬ್ರೋವ್ನಿಕ್.

1358ರ ಝಾದರ್ ಒಪ್ಪಂದದಿಂದ ವೆನಿಸ್ಸಿನ ಹಿಡಿತ ತಪ್ಪಿದ ಮೇಲೆ ರಗೂಸಾ ಹಂಗೇರಿಯ ಅರಸನ ಅಧಿರಾಜ್ಯವನ್ನು ಹೆಸರಿಗೆ ಒಪ್ಪಿಕೊಂಡು ತನ್ನ ಆಡಳಿತವನ್ನು ತಾನೇ ನಡೆಸಿಕೊಂಡಿತು. ಮುಂದೆ ಆಟೊಮನ್ ಸುಲ್ತಾನನಿಗೆ ಕಪ್ಪ ಒಪ್ಪಿಸತೊಡಗಿತು. 1481ರಿಂದ ಆ ಕಪ್ಪ ವರ್ಷಕ್ಕೆ 12,500 ಡುಕಾಟುಗಳೆಂದು ನಿಂತಿತು. ವಿಸ್ತಾರವಾದ ಹೊಲಗದ್ದೆಗಳಾಗಲಿ ದೊಡ್ಡ ಸೈನ್ಯವಾಗಲಿ ಅದಕ್ಕೆ ಇರಲಿಲ್ಲ. ಬಾಲ್ಕನ್ ಒಳನಾಡಿನಿಂದ ಇಳಿದು ಬರುವ ಸಾರ್ಥಗಳೂ ಸಮುದ್ರದಿಂದ ಬರುವ ಹಡಗುಗಳೂ ತನ್ನ ಬಾಗಿಲಲ್ಲಿ ಸಂಧಿಸಬೇಕು, ಸಂಧಿಸಿ ಸುಂಕ ಕೊಟ್ಟು ಹೋಗಬೇಕು. ಅದರ ಬದುಕು ನಿಂತಿದ್ದುದು ಇದರ ಮೇಲೆ. ಪರಸ್ಥಳದವರು ಬಾರದಿದ್ದರೆ ರಾಜ್ಯಕ್ಕೆ ಹಸಿವು. ಎಚ್ಚರವಿಲ್ಲದೆ ಒಳಗೆ ಬಿಟ್ಟುಕೊಂಡರೆ ಅಪಾಯ. ಈ ಇಕ್ಕಟ್ಟಿನಿಂದಲೇ ಅದರ ಪ್ರಯಾಣ ನಿಯಮಗಳೆಲ್ಲ ಹುಟ್ಟಿದುವು ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1377ರ ಜುಲೈ 27ರಂದು ಮಹಾಸಭೆಯು ಹೊರಡಿಸಿದ ವಿಧಿ. ನಗರದ ಕಾನೂನು ಸಂಗ್ರಹಗಳಲ್ಲೊಂದಾದ ‘ಹಸುರು ಪುಸ್ತಕ’ದಲ್ಲಿ ಅದು ಲ್ಯಾಟಿನ್ ಭಾಷೆಯಲ್ಲಿ ಉಳಿದುಬಂದಿದೆ. 1348ರ ಮಹಾಮಾರಿಯನ್ನು ಕಂಡಿದ್ದ ಊರು ಅದು. ಪ್ಲೇಗು ತಗುಲಿದ ಪ್ರದೇಶದಿಂದ ಬರುವವರು ಮರ್ಕಾನ್ ಎಂಬ ಬರಡು ದ್ವೀಪದಲ್ಲಿ ಅಥವಾ ಸಾವ್ತಾತ್ ಊರಿನಲ್ಲಿ ಒಂದು ತಿಂಗಳು ಕಳೆಯದೆ ನಗರವನ್ನಾಗಲಿ ಅದರ ಸೀಮೆಯನ್ನಾಗಲಿ ಪ್ರವೇಶಿಸಕೂಡದು. ಸ್ಥಳೀಯರಲ್ಲಿ ಯಾರಾದರೂ ಅವರನ್ನು ಕಾಣಲು ಹೋದರೆ ಅವರೂ ತಿಂಗಳ ಕಾಲ ಅಲ್ಲಿಯೇ ಉಳಿಯಬೇಕು. ನೇಮಕಗೊಂಡವರ ಹೊರತು ಬೇರೆಯವರು ಆಹಾರ ಒಯ್ಯಬಾರದು. ವಿಧಿಯ ಸಾರವಿಷ್ಟು.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದಾಗಿ, ಅವಧಿ ಮೂವತ್ತು ದಿನಗಳದು. ನಲವತ್ತು ದಿನಗಳ ಪದ್ಧತಿ ಅನಂತರದ್ದು. ‘ಕ್ವಾರಂಟೈನ್’ ಎಂಬ ಶಬ್ದ ನಲವತ್ತೆಂಬ ಅರ್ಥದ ಇಟಾಲಿಯನ್ ಪದದಿಂದ ಬಂದುದರಿಂದ ರಗೂಸಾದ ಮೂಲ ವಿಧಿಯೂ ನಲವತ್ತು ದಿನಗಳದೇ ಎಂದು ಹಲವು ಕೈಪಿಡಿಗಳು ಬರೆದುಬಿಡುತ್ತವೆ. ಎರಡನೆಯದು ಇನ್ನೂ ಮುಖ್ಯ. ಸೋಂಕಿನ ಭಯದಿಂದ ಬಾಗಿಲನ್ನೇ ಮುಚ್ಚುವುದು ಆ ಕಾಲದ ಊರುಗಳಿಗೆ ತಿಳಿದಿದ್ದ ಉಪಾಯ. ರಗೂಸಾ ಹಾಗೆ ಮಾಡಲಿಲ್ಲ. ಬಂದವನನ್ನು ಹಿಂದಕ್ಕೆ ಅಟ್ಟುವ ಬದಲು ಕಾಯಿಸಿತು. ವ್ಯಾಪಾರಿಗೆ ಒಂದು ತಿಂಗಳ ನಷ್ಟ ಉಂಟಾದರೂ ಬಾಗಿಲು ಯಾವಾಗ ತೆರೆಯುವುದೆಂದು ಅವನಿಗೆ ಮೊದಲೇ ತಿಳಿದಿರುತ್ತಿತ್ತು. ಆದುದರಿಂದ ಈ ವಿಧಿಯನ್ನು ಕೇವಲ ವೈದ್ಯಚರಿತ್ರೆಯ ಘಟನೆಯೆಂದು ಓದುವುದಕ್ಕಿಂತ, ವ್ಯಾಪಾರವನ್ನು ಕೈಬಿಡದೆ ಜೀವ ಉಳಿಸಿಕೊಳ್ಳಲು ಮಾಡಿದ ವ್ಯವಸ್ಥೆಯೆಂದು ಓದುವುದು ಸಮಂಜಸ. ಆ ಬರಡು ದ್ವೀಪದಲ್ಲಿ ತಿಂಗಳು ಕಳೆಯುವುದು ಸುಖವಾಗಿತ್ತೆಂದು ಮಾತ್ರ ಯಾರೂ ಭಾವಿಸಬಾರದು. ಕಾಯುವವರಿಗೆ ಕಲ್ಲುಕಟ್ಟಡದ ಆಸರೆ ದೊರೆತುದು ನಿಧಾನವಾಗಿ. ಪೂರ್ವದ ಪ್ಲೋಚೆ ಬಾಗಿಲಿನ ಹೊರಗೆ ಇಂದಿಗೂ ನಿಂತಿರುವ ಲಜರೆತ್ತುಗಳ ಸಾಲು ಪೂರ್ಣಗೊಂಡುದು 17ನೆಯ ಶತಮಾನದಲ್ಲಿ.

ನಗರದ ಒಳಗೂ ಇದೇ ಎಚ್ಚರ. ಕೋಟೆಯ ಬಾಗಿಲುಗಳನ್ನು ಸಂಜೆ ಮುಚ್ಚಿ ಬೀಗದ ಕೈಗಳನ್ನು ರಾಜ್ಯಾಧ್ಯಕ್ಷನ ವಶಕ್ಕೆ ಒಪ್ಪಿಸುತ್ತಿದ್ದರು. ಆ ಅಧ್ಯಕ್ಷನ ಅಧಿಕಾರವಾದರೂ ಒಂದೇ ತಿಂಗಳಿನದು. ಕತ್ತಲಾದ ಮೇಲೆ ಬಂದವನು ಹೊರಗೇ ಉಳಿಯಬೇಕಾಗಿತ್ತು. ನೀರಿನ ವಿಷಯದಲ್ಲಿ ಮಾತ್ರ ರಗೂಸಾ ಉದಾರಿ. ಓನೊಫ್ರಿಯೊ ಎಂಬ ಇಟಲಿಯ ಶಿಲ್ಪಿ ಸುಮಾರು 12 ಕಿಲೋಮೀಟರು ದೂರದಿಂದ ತಂದ ಕಾಲುವೆಯ ನೀರು 1438ರಿಂದ ಪಿಲೆ ಬಾಗಿಲಿನ ಒಳಮಗ್ಗುಲಿನ ಕಾರಂಜಿಗೆ ಬೀಳತೊಡಗಿತು. 1494ರಲ್ಲಿ ವೆನಿಸ್ಸಿನಿಂದ ಜೆರೂಸಲೇಮಿಗೆ ಹೊರಟ ಮಿಲಾನಿನ ಪಾದ್ರಿ ಪಿಯೆತ್ರೊ ಕಸೋಲನ ಹಡಗು ಇಲ್ಲಿ ತಂಗಿತ್ತು. ಆತನ ಪ್ರವಾಸಕಥನವು ಯಾತ್ರಿಕನಿಗೆ ತಾಳ್ಮೆಯೂ ಸಾಕಷ್ಟು ವೆನಿಸ್ ಡುಕಾಟುಗಳೂ ಸಮಾನವಾಗಿ ಬೇಕೆಂದು ಬುದ್ಧಿ ಹೇಳುತ್ತದೆ. ನಾಣ್ಯದ ತೊಡಕು ಈಗ ಉಳಿದಿಲ್ಲ. 1994ರಲ್ಲಿ ಬಂದ ಕೂನಾ ಎಂಬ ನಾಣ್ಯ 2023ರ ಜನವರಿ 1ರಂದು ಯೂರೋಗೆ ಸ್ಥಳ ಬಿಟ್ಟುಕೊಟ್ಟಿತು. ಕೂನಾ ಎಂದರೆ ಮುಂಗುಸಿಯನ್ನು ಹೋಲುವ ಒಂದು ತುಪ್ಪುಳಿನ ಪ್ರಾಣಿ. ಮಧ್ಯಯುಗದಲ್ಲಿ ಅದರ ಚರ್ಮವನ್ನೇ ತೆರಿಗೆಯಾಗಿ ಕೊಡುತ್ತಿದ್ದರು.

ಇನ್ನು ಹಾದಿಯ ವಿಷಯ. ದುಬ್ರೋವ್ನಿಕ್‌ಗೆ ಇಂದು ರೈಲು ಇಲ್ಲ. ಒಳನಾಡಿನಿಂದ ಬರುತ್ತಿದ್ದ ಕಿರುಹಳಿಯ ರೈಲು 1976ರಲ್ಲಿ ನಿಂತುಹೋಯಿತು. ಉತ್ತರದ ಸ್ಪ್ಲಿತ್ ನಗರದಿಂದ ಬರುವವನು ಸಮುದ್ರಮಾರ್ಗವನ್ನಾಗಲಿ ಕರಾವಳಿಯ ರಸ್ತೆಯನ್ನಾಗಲಿ ಹಿಡಿಯಬೇಕು. ರಸ್ತೆಯಲ್ಲಿ ಬಂದರೆ ನೇಯುಮ್ ಎಂಬಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ಸುಮಾರು 20 ಕಿಲೋಮೀಟರಿನಷ್ಟು ಕರಾವಳಿ ಬೋಸ್ನಿಯ ದೇಶಕ್ಕೆ ಸೇರಿದೆ. ಅದರ ಆಚೆಗೆ ಮತ್ತೆ ಕ್ರೊಯೇಷಿಯ. ಇಪ್ಪತ್ತನೆಯ ಶತಮಾನದಲ್ಲಿ ಯುಗೋಸ್ಲಾವಿಯದ ಆಡಳಿತಗಾರರು ಬೋಸ್ನಿಯಕ್ಕೆ ಸಮುದ್ರದ ದಾರಿ ಬಿಡಲೆಂದು ನಕ್ಷೆಯಲ್ಲಿ ಗೆರೆ ಎಳೆದರೆಂಬ ವಿವರಣೆ ಪ್ರವಾಸಿಗಳ ನಡುವೆ ಬಳಕೆಯಲ್ಲಿದೆ. ಇದು ಸರಿಯಲ್ಲ. ಈ ಗೆರೆ ರಗೂಸಾ ತಾನೇ ಬಯಸಿ ಹಾಕಿಸಿಕೊಂಡದ್ದು.

17ನೆಯ ಶತಮಾನದ ಕೊನೆಯ ಯುದ್ಧದಲ್ಲಿ ವೆನಿಸ್ ದಾಲ್ಮೇಷಿಯದ ಒಳಭಾಗಗಳನ್ನು ಗೆದ್ದು ರಗೂಸಾದ ಮಗ್ಗುಲಿಗೇ ಬಂದು ನಿಂತಿತು. ರಗೂಸಾ 1667ರ ಏಪ್ರಿಲ್ 6ರ ಭೂಕಂಪದಲ್ಲಿ ನೆಲಸಮವಾಗಿ ಆಗತಾನೆ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. ಹಳೆಯ ವೈರಿ ಗಡಿಯಲ್ಲಿರುವುದಕ್ಕಿಂತ ಕಪ್ಪ ತೆಗೆದುಕೊಳ್ಳುವ ತುರ್ಕನೇ ಇರಲೆಂದು ಅದರ ಸಭಾಸದರು ಎಣಿಸಿದರು. 1699ರ ಕಾರ್ಲೊವಿಟ್ಸ್ ಒಪ್ಪಂದದ ಏರ್ಪಾಡಿನಲ್ಲಿ ಉತ್ತರಕ್ಕೆ ನೇಯುಮ್, ದಕ್ಷಿಣಕ್ಕೆ ಸುತೊರಿನಾ, ಈ ಎರಡು ಕಿರಿದಾದ ಪಟ್ಟಿಗಳು ಆಟೊಮನ್ ರಾಜ್ಯಕ್ಕೆ ಸೇರಿ, ವೆನಿಸ್ಸಿಗೂ ರಗೂಸಾಕ್ಕೂ ನಡುವೆ ಎರಡು ಕಡೆಯೂ ತುರ್ಕರ ನೆಲ ಬಂದಿತು. ಒಂದು ಕ್ರೈಸ್ತ ರಾಜ್ಯ ಮತ್ತೊಂದು ಕ್ರೈಸ್ತ ರಾಜ್ಯದಿಂದ ರಕ್ಷಣೆ ಪಡೆಯಲು ಸುಲ್ತಾನನ ನೆಲವನ್ನು ಬೇಲಿಯಾಗಿ ಇಟ್ಟುಕೊಂಡಿತೆಂಬುದು, ಧರ್ಮಯುದ್ಧಗಳ ಕಥೆಯಾಗಿ ಮಾತ್ರ ಈ ಚರಿತ್ರೆಯನ್ನು ಓದುವವರಿಗೆ ಒಳ್ಳೆಯ ಪಾಠ.

ಬೇಲಿ ಹಾಕಿಸಿದ ಗಣರಾಜ್ಯವನ್ನು 1808ರ ಜನವರಿಯಲ್ಲಿ ಫ್ರೆಂಚ್ ಸೇನಾನಿ ಮಾರ್ಮೊಂ ರದ್ದುಪಡಿಸಿದನು. ವೆನಿಸ್ ಗಣರಾಜ್ಯ ಅದಕ್ಕೂ ಮೊದಲೇ, 1797ರಲ್ಲಿ, ಮುಗಿದಿತ್ತು. ಬೇಲಿ ಮಾತ್ರ ಉಳಿಯಿತು. ನೇಯುಮ್ ಬೋಸ್ನಿಯದ ಜೊತೆಯಲ್ಲಿ 1878ರಲ್ಲಿ ಆಸ್ಟ್ರಿಯಾ-ಹಂಗೇರಿಯ ಆಡಳಿತಕ್ಕೆ, ಆಮೇಲೆ ಯುಗೋಸ್ಲಾವಿಯಕ್ಕೆ ಸೇರಿತು. ಒಂದೇ ದೇಶದ ಒಳಗಿನ ಗೆರೆಯಾಗಿದ್ದಾಗ ಅದು ಪ್ರಯಾಣಿಕನ ಗಮನಕ್ಕೂ ಬರುತ್ತಿರಲಿಲ್ಲ. 1991 ಮತ್ತು 1992ರಲ್ಲಿ ಎರಡೂ ಸ್ವತಂತ್ರ ರಾಷ್ಟ್ರಗಳಾದ ಮೇಲೆ ಹಳೆಯ ಗೆರೆಗೆ ಮತ್ತೆ ಜೀವ ಬಂದು, ಸ್ಪ್ಲಿತ್‌ನಿಂದ ದುಬ್ರೋವ್ನಿಕ್‌ಗೆ ಹೋಗುವ ಬಸ್ಸು ಗಡಿಯನ್ನು ಎರಡು ಬಾರಿ ದಾಟಬೇಕಾಯಿತು. 2022ರ ಜುಲೈ 26ರಂದು 2,404 ಮೀಟರು ಉದ್ದದ ಪೆಲ್ಯೆಷಾಟ್ಸ್ ಸೇತುವೆ ಸಂಚಾರಕ್ಕೆ ತೆರೆದು, ನೇಯುಮನ್ನು ಬಳಸಿ ಹೋಗುವ ದಾರಿ ದೊರೆಯಿತು. ಆ ದಾರಿ ಹಾಯುವ ಪೆಲ್ಯೆಷಾಟ್ಸ್ ಪರ್ಯಾಯದ್ವೀಪವೂ, ಉಪ್ಪಿನ ಮಡಿಗಳಿಗಾಗಿ ಬೆಲೆಬಾಳುತ್ತಿದ್ದ ಅದರ ಸ್ತೊನ್ ಪಟ್ಟಣವೂ 1333ರಲ್ಲಿ ರಗೂಸಾ ಹಣ ಕೊಟ್ಟು ಪಡೆದ ನೆಲವೇ.

ನಮ್ಮ ದೇಶದಿಂದ ಹೋಗುವವರಿಗೆ ಈ ಇತಿಹಾಸ ಪ್ರಯೋಜನಕ್ಕೂ ಬರುತ್ತದೆ. 2023ರ ಆರಂಭದಿಂದ ಕ್ರೊಯೇಷಿಯ ಷೆಂಗನ್ ವಲಯದಲ್ಲಿದೆ. ಭಾರತದ ಪ್ರವಾಸಿಗೆ ಆ ವಲಯದ ವೀಸಾ ಬೇಕು, ತಂಗುವ ಮಿತಿ 180 ದಿನಗಳಲ್ಲಿ 90. ಬೋಸ್ನಿಯ ಆ ವಲಯದ ಹೊರಗಿದೆ. ಒಂದೇ ಪ್ರವೇಶದ ವೀಸಾ ಉಳ್ಳವನು ನೇಯುಮ್ ರಸ್ತೆ ಹಿಡಿದರೆ ವಲಯದಿಂದ ಹೊರಬಿದ್ದಂತಾಗುತ್ತದೆ. ಅವನು ಸೇತುವೆಯ ದಾರಿಯಲ್ಲಿಯೇ ಹೋಗುವುದು ಲೇಸು. ದಕ್ಷಿಣದ ಸುತೊರಿನಾ ಪಟ್ಟಿ ಈಗ ಮಾಂಟೆನೆಗ್ರೊ ದೇಶದಲ್ಲಿದೆ. ಅಲ್ಲಿಯೂ ಯೂರೋ ನಡೆಯುವುದರಿಂದ ಪ್ರಯಾಣಿಕನು ಗಡಿ ದಾಟಿದ್ದನ್ನು ಮರೆಯುವ ಸಂಭವವುಂಟು. ಆದರೆ ಆ ದೇಶವೂ ಷೆಂಗನ್ ವಲಯಕ್ಕೆ ಸೇರಿಲ್ಲ, ಹಿಂದಿರುಗಿ ದುಬ್ರೋವ್ನಿಕ್‌ಗೆ ಬರುವಾಗ ರಹದಾರಿಯನ್ನು ಮತ್ತೆ ತೋರಿಸಬೇಕು.