ವಿಮಾ ಅರ್ಜಿಯಲ್ಲಿ ಅಷ್ಟೊಂದು ಪ್ರಶ್ನೆಗಳೇಕೆ?

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ರಾಜಾಜಿನಗರ, 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ಕೈಗಾರಿಕಾ ಉಪನಗರ. ಅಲ್ಲಿನ ಇ.ಎಸ್.ಐ. ಆಸ್ಪತ್ರೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಇ.ಎಸ್.ಐ. ವ್ಯಾಪ್ತಿಗೆ ಬರುವ ಕಾರ್ಮಿಕರು ವಿಮೆಗಾಗಿ ಕೊಡಬೇಕಾದದ್ದು ಹೆಸರು, ವಯಸ್ಸು, ಕುಟುಂಬದವರ ವಿವರ, ಅಷ್ಟೆ. 'ನಿಮಗೆ ಸಕ್ಕರೆ ಕಾಯಿಲೆ ಇದೆಯೇ?' ಎಂದು ಯಾರೂ ಕೇಳುವುದಿಲ್ಲ. ಆದರೆ ನೀವು ನಿಮ್ಮ ಮನೆಯವರಿಗಾಗಿ ವಿಮಾ ಕಂಪನಿಯೊಂದರಿಂದ ಅರ್ಜಿ ತಂದರೆ ಪ್ರಶ್ನೆಗಳ ಸುರಿಮಳೆ. ಎತ್ತರ, ತೂಕ, ತಂಬಾಕಿನ ಅಭ್ಯಾಸ, ಹಿಂದಿನ ಶಸ್ತ್ರಚಿಕಿತ್ಸೆ, ಈಗ ಸೇವಿಸುತ್ತಿರುವ ಮಾತ್ರೆ. ಎರಡೂ ಆರೋಗ್ಯ ವಿಮೆಯೇ. ಆದರೂ ಈ ವ್ಯತ್ಯಾಸ ಏಕೆ?

ಮೊದಲು ಒಂದು ಸಣ್ಣ ಲೆಕ್ಕ. ವರ್ಷವೊಂದರಲ್ಲಿ ನೂರಕ್ಕೆ ಐದು ಜನ ಆಸ್ಪತ್ರೆ ಸೇರುತ್ತಾರೆ ಎಂದು ಊಹಿಸೋಣ. 10,000 ಜನರ ಗುಂಪಿನಲ್ಲಿ ಸರಾಸರಿ 500 ಜನ. ಏರಿಳಿತವನ್ನು ಸೂಚಿಸುವ ಮಾನಕ ವಿಚಲನೆ ಸುಮಾರು 22, ಅಂದರೆ ಸರಾಸರಿಯ ಶೇಕಡಾ 4.4. ಗುಂಪು 10 ಲಕ್ಷಕ್ಕೆ ಬೆಳೆದರೆ ಇದು ಶೇಕಡಾ 0.44ಕ್ಕೆ ಇಳಿಯುತ್ತದೆ. ನಾಲ್ವರ ಒಂದು ಕುಟುಂಬದಲ್ಲಾದರೋ ಏರಿಳಿತ ಸರಾಸರಿಯ ಎರಡು ಪಟ್ಟನ್ನೂ ಮೀರುತ್ತದೆ. ಒಂದೊಂದು ಅಣುವಿನ ಚಲನೆ ಅನಿಶ್ಚಿತವಾಗಿದ್ದರೂ ಅನಿಲದ ಒತ್ತಡ ಸ್ಥಿರವಾಗಿರುವುದು ಇದೇ ಕಾರಣದಿಂದ. ಈ ಬೃಹತ್ ಸಂಖ್ಯೆಗಳ ನಿಯಮವನ್ನು ಯಾಕೋಬ್ ಬರ್ನೌಲಿ ಸಾಧಿಸಿದ್ದು 1713ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, 1693ರಲ್ಲಿ, ಬ್ರೆಸ್ಲೌ ನಗರದ ಜನನ ಮರಣಗಳ ದಾಖಲೆಯಿಂದ ವಯಸ್ಸಿಗೆ ತಕ್ಕ ಆಯುಷ್ಯದ ಕೋಷ್ಟಕ ರಚಿಸಿದವನು ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ! ಅರ್ಜಿಯಲ್ಲಿ ಜನ್ಮ ದಿನಾಂಕದ ಕಾಲಂ ಇರುವುದರ ಹಿಂದೆ ಅಂಥ ಕೋಷ್ಟಕಗಳ ಪರಂಪರೆಯಿದೆ.

ಆದರೆ ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಇನ್ನೊಂದು ಪಾಠವನ್ನೂ ಹೇಳುತ್ತೇವೆ. ಅಳತೆಗಳ ಸಂಖ್ಯೆ ಹೆಚ್ಚಿಸಿದರೆ ಯಾದೃಚ್ಛಿಕ ದೋಷ ಕಡಿಮೆಯಾಗುತ್ತದೆ. ವ್ಯವಸ್ಥಿತ ದೋಷ ಕಡಿಮೆಯಾಗುವುದಿಲ್ಲ. ಕಾಯಿಲೆ ಗೊತ್ತಾದವರೇ ಹುಡುಕಿಕೊಂಡು ಬಂದು ವಿಮೆ ಮಾಡಿಸಿದರೆ ಸರಾಸರಿಯೇ ಮೇಲಕ್ಕೆ ಸರಿಯುತ್ತದೆ. ಕಂತು ಏರುತ್ತದೆ, ಆರೋಗ್ಯವಂತರು ಹೊರನಡೆಯುತ್ತಾರೆ, ಕಂತು ಮತ್ತೆ ಏರುತ್ತದೆ. ಆರೋಗ್ಯ ವಿಮೆಯ ಇತಿಹಾಸವನ್ನು ಈ ದೋಷವನ್ನು ತಡೆಯುವ ಪ್ರಯತ್ನಗಳ ಇತಿಹಾಸವೆಂದೇ ಓದಬಹುದು.

ಮೊದಲ ಉಪಾಯ ಕಡ್ಡಾಯ. 1883ರಲ್ಲಿ ಬಿಸ್ಮಾರ್ಕನ ಜರ್ಮನಿ ಕಾರ್ಮಿಕರಿಗೆ ಅನಾರೋಗ್ಯ ವಿಮೆಯ ಕಾನೂನು ತಂದಿತು. ನಮ್ಮಲ್ಲಿ ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಸಲ್ಲಿಸಿದ ವರದಿಯನ್ನು ಆಧರಿಸಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೆ ಬಂತು. ಇಲ್ಲಿ ಸೇರುವುದು ಬಿಡುವುದು ಕಾರ್ಮಿಕರ ಇಚ್ಛೆಯಲ್ಲ. ಸಂಬಳದಿಂದಲೇ ವಂತಿಗೆ ಕಡಿತವಾಗುತ್ತದೆ. 2019ರ ಜುಲೈನಿಂದ ಅದು ಕಾರ್ಮಿಕರಿಂದ ಶೇಕಡಾ 0.75, ಮಾಲೀಕರಿಂದ 3.25. ಆಯ್ಕೆಯೇ ಇಲ್ಲದಿದ್ದಾಗ ವ್ಯವಸ್ಥಿತ ದೋಷಕ್ಕೆ ಜಾಗವಿಲ್ಲ, ಪ್ರಶ್ನೆಗಳ ಅಗತ್ಯವೂ ಇಲ್ಲ.

ಸಂಬಳವೇ ಇಲ್ಲದ ರೈತನ ಗತಿ? ಇದಕ್ಕೆ ಕರ್ನಾಟಕ ಕೊಟ್ಟ ಉತ್ತರ ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ಜಾಣ ಭಾಗ. ಡಾ. ದೇವಿ ಶೆಟ್ಟಿಯವರ ಕಲ್ಪನೆಯಂತೆ ರೂಪುಗೊಂಡ ಯಶಸ್ವಿನಿ ಯೋಜನೆ 2003ರ ಜೂನ್ 1ರಂದು ಜಾರಿಗೆ ಬಂತು. ಸದಸ್ಯರು ಕೊಟ್ಟದ್ದು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸೇರಲು ಇದ್ದ ಬಾಗಿಲು ಸಹಕಾರ ಸಂಘ. ಜನ ಸಂಘ ಸೇರಿದ್ದು ಸಾಲಕ್ಕೋ ಹಾಲಿಗೋ ಹೊರತು ಕಾಯಿಲೆಗಲ್ಲ. ಹೀಗಾಗಿ ಗುಂಪು ಹೆಚ್ಚುಕಡಿಮೆ ಯಾದೃಚ್ಛಿಕವಾಗಿಯೇ ಉಳಿಯಿತು. ವೈದ್ಯಕೀಯ ತಪಾಸಣೆ ಬೇಕಾಗಲಿಲ್ಲ. ವಿರಳವಾಗಿ ಬರುವ, ಆದರೆ ಮನೆ ಮುಳುಗಿಸುವ ಶಸ್ತ್ರಚಿಕಿತ್ಸೆಯ ಖರ್ಚನ್ನು ಮಾತ್ರ ಆರಿಸಿಕೊಂಡದ್ದರಿಂದ ಕಂತು ಅಷ್ಟು ಕಡಿಮೆಯಾಗಿರಲು ಸಾಧ್ಯವಾಯಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದ ಯೋಜನೆಗೆ 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾದಾಗ ಕಂತನ್ನು ಕುಟುಂಬಕ್ಕೆಂದೇ ನಿಗದಿ ಮಾಡಿದರು. ನಾಲ್ವರ ಕುಟುಂಬಕ್ಕೆ ಗ್ರಾಮೀಣ ಸಂಘಗಳಲ್ಲಿ 500 ರೂಪಾಯಿ, ನಗರ ಸಂಘಗಳಲ್ಲಿ 1,000. ಕುಟುಂಬದಲ್ಲಿ ಕಾಯಿಲೆಯವರನ್ನಷ್ಟೇ ಆರಿಸಿ ಸೇರಿಸುವುದನ್ನು ಇದೂ ತಡೆಯುತ್ತದೆ.

ಮೂರನೆಯ ಉಪಾಯವೇ ಪ್ರಶ್ನಾವಳಿ. 1986ರಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮ್ ತಂದಾಗ ಯಾರು ಬೇಕಾದರೂ ತಾವಾಗಿ ಬಂದು ಅರ್ಜಿ ಹಾಕಬಹುದಿತ್ತು. ಬಾಗಿಲು ತೆರೆದಿಟ್ಟಾಗ ಬಂದವರನ್ನು ವಿಚಾರಿಸಬೇಕಾಯಿತು. ವಿಚಾರಿಸಿದರೂ ಸಾಲದೆಂದು ಕಾಯುವ ಅವಧಿಯನ್ನೂ ಇಟ್ಟರು. ಈಗ ಸಾಮಾನ್ಯವಾಗಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆಯದಕ್ಕೆ ಹಣ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 48 ತಿಂಗಳಿದ್ದ ಕಾಯುವಿಕೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 36 ತಿಂಗಳಿಗೆ ಇಳಿಸಿತು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ ವಂಚನೆ ಸಾಬೀತಾಗದ ಹೊರತು ಮಾಹಿತಿ ಮುಚ್ಚಿಟ್ಟಿರೆಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ.

ಹಾಗಾದರೆ ಒಬ್ಬೊಬ್ಬರಿಗೆ ಪ್ರತ್ಯೇಕ ಪಾಲಿಸಿಯೋ, ಕುಟುಂಬಕ್ಕೆಲ್ಲ ಒಂದೇ ಫ್ಲೋಟರ್ ಪಾಲಿಸಿಯೋ? ಮೇಲಿನ ಊಹೆಯಂತೆಯೇ ನಾಲ್ವರಲ್ಲಿ ಇಬ್ಬರೋ ಹೆಚ್ಚೋ ಒಂದೇ ವರ್ಷ ಆಸ್ಪತ್ರೆ ಸೇರುವ ಸಂಭವನೀಯತೆ ಕೇವಲ ಶೇಕಡಾ 1.4. ಒಂದೇ ಮೊತ್ತವನ್ನು ಎಲ್ಲರೂ ಹಂಚಿಕೊಳ್ಳುವ ಫ್ಲೋಟರ್ ಅಗ್ಗವಾಗುವುದು ಇದರಿಂದ. (ಘಟನೆಗಳು ಪರಸ್ಪರ ಸ್ವತಂತ್ರವೆಂಬ ಷರತ್ತು ಇಲ್ಲಿ ಅಡಗಿದೆ. 2020-21ರಲ್ಲಿ ಕೋವಿಡ್ ಮನೆಮಂದಿಯನ್ನೆಲ್ಲ ಒಟ್ಟಿಗೆ ಮಲಗಿಸಿ ಆ ಷರತ್ತನ್ನೇ ಮುರಿಯಿತು.) ಫ್ಲೋಟರಿನಲ್ಲಿ ಕಂತು ಸಾಮಾನ್ಯವಾಗಿ ಅತಿ ಹಿರಿಯ ಸದಸ್ಯರ ವಯಸ್ಸನ್ನು ಅನುಸರಿಸುತ್ತದೆ. ಆದ್ದರಿಂದ ಅರವತ್ತು ದಾಟಿದ ತಂದೆತಾಯಿಯರಿಗೆ ಪ್ರತ್ಯೇಕ ಪಾಲಿಸಿಯ ಲೆಕ್ಕವನ್ನೂ ಹಾಕಿ ನೋಡಿ.

ನನ್ನ ಮೊದಲ ಅರ್ಜಿಯನ್ನು ಏಜೆಂಟರೇ ತುಂಬಿ ತಂದಿದ್ದರು. ಪ್ರಶ್ನೆಗಳಿಗೆಲ್ಲ 'ಇಲ್ಲ' ಎಂಬ ಉತ್ತರ. ನಾನು ಸಹಿ ಹಾಕಿದರೆ ಸಾಕಿತ್ತು. ಆಗ ನಾನು ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದೆ. ಸಹಿ ಯಾರದೋ ಉತ್ತರವೂ ಅವರದೇ ಎಂದು ಕಾನೂನು ಭಾವಿಸುತ್ತದೆ. ಮುಂದೆ ಹೃದಯದ ತೊಂದರೆಯಾದಾಗ ಆ 'ಇಲ್ಲ' ಎದ್ದು ಬರುತ್ತದೆ. ಹೊಸ ಅರ್ಜಿ ತರಿಸಿ ಕೈಯಾರೆ ತುಂಬಿದೆ. ಕಂತು ತುಸು ಏರಿತು, ರಕ್ತದೊತ್ತಡಕ್ಕೆ ಕಾಯುವ ಅವಧಿಯೂ ಅಂಟಿತು. ನಿಮ್ಮ ಅರ್ಜಿಯ ಪ್ರತಿಯೊಂದನ್ನು ಇಟ್ಟುಕೊಂಡು, ಪಾಲಿಸಿ ಬಂದಾಗ ಅದರಲ್ಲಿರುವ ಉತ್ತರಗಳೊಂದಿಗೆ ತಾಳೆ ನೋಡಿ. ಒಪ್ಪಿಗೆಯಾಗದಿದ್ದರೆ ಹೊಸ ಪಾಲಿಸಿಯನ್ನು ಹಿಂದಿರುಗಿಸಲು 30 ದಿನಗಳ ಅವಕಾಶವಿದೆ.