ಪಾಲುಪತ್ರದ ಮಾತು, ಪಾಲುದಾರನ ತೆರಿಗೆ

ಹೈದರಾಬಾದಿನ ನಾರಾಯಣಗೂಡದಲ್ಲಿ ಇಬ್ಬರು ಕನ್ನಡಿಗರು ಸಮಪಾಲಿನಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬರದು ಗಲ್ಲಾ, ಇನ್ನೊಬ್ಬರದು ಅಡುಗೆಮನೆ. 2025-26ರಲ್ಲಿ ಬಂಡವಾಳದ ಬಡ್ಡಿ ಕಳೆದು, ಪಾಲುದಾರರ ಸಂಬಳ ಕಳೆಯುವ ಮುನ್ನ ಉಳಿದ ಪುಸ್ತಕ ಲಾಭ 12 ಲಕ್ಷ ರೂಪಾಯಿ. ಇದರಲ್ಲಿ ಅವರವರ ತೆರಿಗೆಯೋಗ್ಯ ಆದಾಯ ಎಷ್ಟು ಎಂಬುದಕ್ಕೆ ಉತ್ತರ ಸಿಗುವುದು ಲಾಭದ ಅಂಕಿಯಲ್ಲಿ ಅಲ್ಲ, ಪಾಲುಪತ್ರದಲ್ಲಿ. ಸಂಬಳದ ಮೊತ್ತ ಅಥವಾ ಅದನ್ನು ಲೆಕ್ಕಹಾಕುವ ಕ್ರಮ ಅದರಲ್ಲಿ ಬರೆದಿದ್ದರೆ ಆ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯಿದೆಯ 40(ಬಿ) ಕಲಮಿನ ಮಿತಿ ಹೀಗೆ: ಮೊದಲ 6 ಲಕ್ಷಕ್ಕೆ ಶೇ. 90, ಅಂದರೆ 5.4 ಲಕ್ಷ, ಉಳಿದ 6 ಲಕ್ಷಕ್ಕೆ ಶೇ. 60, ಅಂದರೆ 3.6 ಲಕ್ಷ. ಈ 9 ಲಕ್ಷವನ್ನು ಇಬ್ಬರೂ ಸಮನಾಗಿ ಹಂಚಿಕೊಂಡರೆ ತಲಾ 4.5 ಲಕ್ಷ. ಮಿಕ್ಕ 3 ಲಕ್ಷಕ್ಕೆ ಸಂಸ್ಥೆ ಸೆಸ್ ಸೇರಿ ಶೇ. 31.2ರಂತೆ 93,600 ರೂಪಾಯಿ ಕಟ್ಟುತ್ತದೆ. ಆಮೇಲೆ ಕೈಗೆ ಬರುವ ಲಾಭದ ಪಾಲಿಗೆ 10(2ಎ) ಕಲಮಿನಡಿ ವಿನಾಯಿತಿಯಿದೆ. ಪತ್ರದಲ್ಲಿ ಸಂಬಳದ ಮಾತೇ ಇಲ್ಲದಿದ್ದರೆ ಅದೇ 12 ಲಕ್ಷಕ್ಕೆ ಸಂಸ್ಥೆಯ ತೆರಿಗೆ 3,74,400.

ಪಾಲುಪತ್ರದ ಪ್ರಕಾರ ಸಿಗುವ ಈ ಸಂಬಳವೂ ಲಾಭದ ಹಂಚಿಕೆಯೇ ಎಂದರೆ ಒಂದು ಆಕ್ಷೇಪ ಸಹಜ. ಬೆಳಗಿನ ಜಾವ ಎದ್ದು ಒಲೆ ಹಚ್ಚುವವರ ಸಂಬಳ ದುಡಿಮೆಯ ಫಲ. ಅದನ್ನು ಲಾಭದ ಹಂಚಿಕೆ ಎನ್ನುವುದು ಸರಿಯೆ? ಆರ್.ಎಂ. ಚಿದಂಬರಂ ಪಿಳ್ಳೆ ಪ್ರಕರಣದಲ್ಲಿ (1977ರ ವರದಿ) ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಎದುರಿಸಿತು. ಚಹಾ ತೋಟದ ಸಂಸ್ಥೆಯ ಆದಾಯದಲ್ಲಿ ಶೇ. 60 ಕೃಷಿ ಆದಾಯವಾದ್ದರಿಂದ ಅದಕ್ಕೆ ಆದಾಯ ತೆರಿಗೆಯಿಲ್ಲ; ಪಾಲುದಾರರ ಸಂಬಳಕ್ಕೂ ಆ ವಿನಾಯಿತಿ ಸಲ್ಲುತ್ತದೆ ಎಂದಿತು. ಪಾಲುದಾರ ತನಗೆ ತಾನೇ ಧಣಿಯೂ ನೌಕರನೂ ಆಗಲಾರ, ಆದ್ದರಿಂದ ಆ ಸಂಬಳ ಲಾಭದ ಇನ್ನೊಂದು ರೂಪವೇ ಎಂಬುದು ಅದರ ತರ್ಕ. 1993-94ರ ನಿರ್ಧರಣಾ ವರ್ಷದಿಂದ ಸಂಸ್ಥೆಯೇ ಪ್ರತ್ಯೇಕವಾಗಿ ತೆರಿಗೆ ಕಟ್ಟತೊಡಗಿದ ಮೇಲೆ ಈ ತರ್ಕ ಬಿದ್ದುಹೋಯಿತೆಂದು ವಾದಿಸಬಹುದು. ನನಗೆ ಹಾಗನಿಸುವುದಿಲ್ಲ. ಹೊಸ ವ್ಯವಸ್ಥೆಯೂ ಈ ಹಣವನ್ನು ಸಂಬಳದ ಶೀರ್ಷಿಕೆಯಿಂದ ಹೊರಗಿಟ್ಟು, 28(v) ಕಲಮಿನಡಿ ವ್ಯಾಪಾರದ ಆದಾಯಕ್ಕೆ ಸೇರಿಸಿತು. ಹಾಗಾಗಿ ನೌಕರರಿಗೆ ಸಿಗುವ ಪ್ರಮಾಣಿತ ಕಡಿತ ಪಾಲುದಾರನಿಗಿಲ್ಲ. ಸಂಸ್ಥೆಯ ಲೆಕ್ಕದಲ್ಲಿ ಎಷ್ಟು ಸಂಬಳ ತಳ್ಳಿಹಾಕಲ್ಪಟ್ಟಿತೋ ಅಷ್ಟನ್ನು ಪಾಲುದಾರನ ಆದಾಯದಿಂದ ಬಿಡಬೇಕೆಂದೂ ಅದೇ ಕಲಮು ಹೇಳುತ್ತದೆ. ಒಂದೇ ಲಾಭವನ್ನು ಎರಡು ಕಡೆ ಹಂಚಲಾಗುತ್ತಿದೆ ಎಂದು ಒಪ್ಪದೆ ಈ ಹೊಂದಾಣಿಕೆಗೆ ಅರ್ಥವಿಲ್ಲ.

ಹಾಗಾದರೆ ಪತ್ರದ ಒಂದು ವಾಕ್ಯಕ್ಕೆ 2,80,800 ರೂಪಾಯಿಯ ತೂಕವೇಕೆ? ಸಂಸ್ಥೆಗೆ ಮೊದಲ ರೂಪಾಯಿಯಿಂದಲೇ ಶೇ. 30ರ ಏಕದರ, ವ್ಯಕ್ತಿಗೆ ಹಂತಹಂತದ ದರ. ಬೇರೆ ದೊಡ್ಡ ಆದಾಯವಿಲ್ಲದಿದ್ದರೆ ಈ ಪಾಲುದಾರರಿಗೆ 2025-26ರ ಹೊಸ ಪದ್ಧತಿಯ ರಿಯಾಯಿತಿಯಿಂದ 4.5 ಲಕ್ಷದ ಮೇಲೆ ತೆರಿಗೆಯೇ ಬೀಳದು. ದುರುಪಯೋಗದ ಭಯಕ್ಕೆ ಮೇಲಿನ ಮಿತಿಗಳೇ ಉತ್ತರ. ಕೇಂದ್ರ ನೇರ ತೆರಿಗೆ ಮಂಡಳಿಯ 1996ರ 739ನೇ ಸುತ್ತೋಲೆ ಮೊತ್ತವೋ ಕ್ರಮವೋ ಪತ್ರದಲ್ಲಿರಲೇಬೇಕೆಂದು ಬಿಗಿ ಮಾಡಿತು. ಪಾಲುದಾರರು ಮುಂದೆ ಮಾತಾಡಿಕೊಂಡು ಸಂಬಳ ಗೊತ್ತುಮಾಡುತ್ತಾರೆ ಎಂಬ ಒಕ್ಕಣೆಯನ್ನು ಸೂದ್ ಬ್ರಿಜ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ನಿಷ್ಠುರವಾದರೂ ಅದು ಸರಿ: ವರ್ಷದ ಕೊನೆಗೆ ಲಾಭ ನೋಡಿ ಸಂಬಳ ಬರೆದುಕೊಳ್ಳಲು ಬಿಟ್ಟರೆ ಮಿತಿಗೆ ಬೆಲೆಯಿಲ್ಲ. ಆದರೆ 2025ರ ಏಪ್ರಿಲ್ 1ರಿಂದ ಬಂದ 194ಟಿ ಕಲಮನ್ನು ಹೀಗೆ ಸಮರ್ಥಿಸಲಾರೆ. ವರ್ಷಕ್ಕೆ 20,000 ದಾಟಿದ ಸಂಬಳ, ಬಡ್ಡಿಗಳ ಮೇಲೆ, ಬಂಡವಾಳದ ಖಾತೆಗೆ ಜಮೆ ಮಾಡಿದರೂ, ಸಂಸ್ಥೆ ಶೇ. 10 ಮುರಿದುಕೊಳ್ಳಬೇಕು. ನಮ್ಮ ಅಡುಗೆಮನೆಯ ಪಾಲುದಾರರ ಸಂಬಳದಲ್ಲೇ 45,000 ರೂಪಾಯಿ ಹೀಗೆ ಸರ್ಕಾರಕ್ಕೆ ಹೋಗುತ್ತದೆ, ಅವರು ರಿಟರ್ನ್ ಸಲ್ಲಿಸಿ ಮರುಪಾವತಿ ಪಡೆಯುವ ತನಕ.