ಟ್ರ್ಯಾಕ್‌ಗಿಳಿಯುವ ಸಣ್ಣ ಕಾರು: ಮಿತ ವೆಚ್ಚದಲ್ಲಿ ಟಯರ್ ಆಯ್ಕೆ ಹೇಗೆ?

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಬೆಂಗಳೂರಿನಿಂದ ಸ್ವಂತ ಕಾರಿನಲ್ಲೇ ಹೋಗಿಬರುವ ಹವ್ಯಾಸಿ ಚಾಲಕರಿಗೆ ಟ್ರ್ಯಾಕ್‌ಗೂ ಹೆದ್ದಾರಿಗೂ ಒಂದೇ ಸೆಟ್ ಟಯರ್ ಸಾಲಬೇಕು. ಬೆಲೆ ವಿಚಾರಿಸುವ ಮುನ್ನ ಟಯರ್‌ನ ಪಕ್ಕದ ಬರಹವನ್ನು ಓದುವುದು ಒಳಿತು.

ಅಳತೆ: ಭಾರತದಲ್ಲಿ 2022ರಲ್ಲಿ ತಯಾರಿಕೆ ನಿಂತ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರಿನ ಆರಂಭಿಕ ಮಾದರಿಗಳ ಮೂಲ ಅಳತೆ 185/60 ಆರ್15. ಅಂದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ. 60, ರಿಮ್ 15 ಅಂಗುಲ. ಅಳತೆ ಬದಲಿಸದಿದ್ದರೆ ಹೊಸ ರಿಮ್‌ನ ಖರ್ಚು ಉಳಿಯುತ್ತದೆ.

ಟ್ರೆಡ್‌ವೇರ್: ಅಮೆರಿಕದ ಈ ಶ್ರೇಣಿಯಲ್ಲಿ ಅಂಕಿ ಕಡಿಮೆಯಾದಷ್ಟೂ ರಬ್ಬರ್ ಸಾಮಾನ್ಯವಾಗಿ ಮೃದು, ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. 200ರ ಆಸುಪಾಸಿನವು ಟ್ರ್ಯಾಕ್‌ಗೆ ಒಪ್ಪುತ್ತವೆ. 300ಕ್ಕಿಂತ ಮೇಲಿನವು ನಿತ್ಯ ಸಂಚಾರಕ್ಕೆ ಮಿತವ್ಯಯಕರ. ಈ ಅಂಕಿಯನ್ನು ತಯಾರಕರೇ ನಿಗದಿಪಡಿಸುವುದರಿಂದ ಒಂದೇ ಕಂಪೆನಿಯ ಟಯರ್‌ಗಳನ್ನು ಹೋಲಿಸುವುದು ಸೂಕ್ತ.

ತಯಾರಿಕೆ ದಿನಾಂಕ: ನಾಲ್ಕಂಕಿಯ ಸಂಕೇತದಲ್ಲಿ 2324 ಎಂದಿದ್ದರೆ 2024ರ 23ನೇ ವಾರ. ರಿಯಾಯಿತಿ ದರದ ಹಳೆಯ ದಾಸ್ತಾನಿನ ರಬ್ಬರ್ ಗಡುಸಾಗಿರಬಹುದು.

ಗಾಳಿಯೊತ್ತಡ: ವೇಗದ ಸುತ್ತುಗಳಲ್ಲಿ ಟಯರ್ ಬಿಸಿಯಾಗಿ ಒತ್ತಡ ಏರುತ್ತದೆ. ಹೆಚ್ಚುವರಿ ಗಾಳಿ ತೆಗೆದಿದ್ದರೆ ಮರಳುವ ಮುನ್ನ ತಣ್ಣಗಿನ ಟಯರ್‌ಗೆ ಮತ್ತೆ ತುಂಬಿಸಬೇಕು. ಮುಂಚಕ್ರ ಚಾಲನೆಯ ಕಾರುಗಳಲ್ಲಿ ಮುಂದಿನ ಟಯರ್‌ಗಳೇ ಬೇಗ ಸವೆಯುತ್ತವೆ.

ಮಳೆ: ಕಡಿಮೆ ಗಾಡಿಗಳಿರುವ ಅರೆ-ರೇಸಿಂಗ್ ಟಯರ್ ನಿಂತ ನೀರನ್ನು ಹೊರದೂಡಲಾರದು, ಕಾರು ನೀರಿನ ಮೇಲೆ ತೇಲಿ ಹಿಡಿತ ತಪ್ಪುವ ಅಪಾಯವಿದೆ. ಗಾಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ರಸ್ತೆಯ ಬಳಕೆ ನಿಯಮಬಾಹಿರ. ಕೆಲವು ಸೆಕೆಂಡುಗಳ ಉಳಿತಾಯಕ್ಕಿಂತ ಕ್ಷೇಮವಾಗಿ ಮನೆ ಸೇರುವುದೇ ಮುಖ್ಯ.